ಸಹಕಾರಿ ಬಹು-ಏಜೆಂಟ್ ವ್ಯವಸ್ಥೆಗಳ ರಚನಾ ತಂತ್ರಾಂಶ: ಜೇಡ್

ಪೀಠಿಕೆ
ವಹಿಸಿದ ಕಾರ್ಯವನ್ನು ಸ್ವಯಂ ನಿರ್ಧಾರದಿಂದ ನಿರ್ವಹಿಸುವ ತಂತ್ರಾಂಶ ಘಟಕವನ್ನು ಏಜೆಂಟ್ ಎನ್ನಲಾಗುತ್ತದೆ. ಒಂದೇ ಘಟಕದಿಂದ ಸಾಧ್ಯವಾಗದ ಕಾರ್ಯವನ್ನು ಹಲವು ಏಜೆಂಟ್‌ಗಳು ಸಂದೇಶ ವಿನಿಮಯದ ಮೂಲಕ ಪೂರೈಸುವ ಏರ್ಪಾಡೇ ಬಹು-ಏಜೆಂಟ್ ವ್ಯವಸ್ಥೆ.

ಹಿನ್ನೆಲೆ
ಇಂತಹ ವ್ಯವಸ್ಥೆಗಳನ್ನು ಜಾವಾ ಭಾಷೆಯಲ್ಲಿ ರಚಿಸಲು ಇಟಲಿಯ ಟೆಲಿಕಾಂ ಇಟಾಲಿಯಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಜೇಡ್ ತಂತ್ರಾಂಶವು 2000ನೇ ಇಸವಿಯಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು. ಸದರಿ ತಂತ್ರಾಂಶವು, 1996ರಲ್ಲಿ ಸ್ಥಾಪನೆಗೊಂಡು 2005ರಲ್ಲಿ ಐಇಇಇ ಮಾನಕ ಸಮಿತಿಯಾದ ಫಿಪಾ ಸಂಸ್ಥೆಯ ಮಾನಕಗಳನ್ನು ಅನುಸರಿಸುತ್ತದೆ.

ಲಭ್ಯವಿರುವ ಸೌಲಭ್ಯಗಳು
1. ನೋಂದಣಿ: ಪ್ರತಿಯೊಂದು ಏಜೆಂಟ್ ಅನ್ನು ವಿಶಿಷ್ಟ ಹೆಸರಿನಲ್ಲಿ ದಾಖಲಿಸಲಾಗುತ್ತದೆ.
2. ಸೇವಾ ಸೂಚಿ: ಯಾವ ಏಜೆಂಟ್ ಯಾವ ಸೇವೆ ನೀಡುತ್ತದೆ ಎಂಬುದನ್ನು ಇತರ ಏಜೆಂಟ್‌ಗಳು ಇಲ್ಲಿ ಹುಡುಕಬಹುದು.
3. ಸಂದೇಶ: ಪ್ರತಿ ಸಂದೇಶದಲ್ಲಿಯೂ ಅದು ಕೋರಿಕೆಯೋ, ಮಾಹಿತಿಯೋ, ಒಪ್ಪಿಗೆಯೋ, ನಿರಾಕರಣೆಯೋ ಎಂಬುದು ನಮೂದಾಗಿರುತ್ತದೆ. ಆದುದರಿಂದ ಬೇರೆ ಬೇರೆ ತಯಾರಕರ ಏಜೆಂಟ್‌ಗಳೂ ಪರಸ್ಪರ ವ್ಯವಹರಿಸಬಹುದಾಗಿದೆ.
4. ಕಾರ್ಯ ಹಂಚಿಕೆ: ರೀಡ್ ಸ್ಮಿತ್ ಅವರು 1980ರಲ್ಲಿ ಪ್ರಕಟಿಸಿದ ಕಾಂಟ್ರಾಕ್ಟ್ ನೆಟ್ ವಿಧಾನವು ಟೆಂಡರ್ ಪದ್ಧತಿಯನ್ನು ಹೋಲುತ್ತದೆ. ಒಂದು ಏಜೆಂಟ್ ಪ್ರಸ್ತಾವನೆಗಳನ್ನು ಆಹ್ವಾನಿಸಿ, ಗಡುವಿನೊಳಗೆ ಬಂದವುಗಳನ್ನು ಪರಿಶೀಲಿಸಿ, ಸೂಕ್ತವಾದ ಏಜೆಂಟ್‌ಗೆ ಕಾರ್ಯವನ್ನು ವಹಿಸುತ್ತದೆ.

ವಿಶೇಷ ಗಮನಕ್ಕೆ
ಕಾರ್ಯವನ್ನು ಒಪ್ಪಿಕೊಂಡ ಏಜೆಂಟ್ ನಡುವೆ ಸ್ಥಗಿತಗೊಂಡಲ್ಲಿ, ಅದನ್ನು ಯಾರಿಗೆ ಮರುವಹಿಸಬೇಕೆಂದು ಜೇಡ್ ತಾನಾಗಿ ನಿರ್ಧರಿಸುವುದಿಲ್ಲ. ಕಾಲಮಿತಿ ಮತ್ತು ಮರುಹಂಚಿಕೆಯ ನಿಯಮಗಳನ್ನು ವ್ಯವಸ್ಥೆಯ ರಚನೆಕಾರರೇ ಅಳವಡಿಸತಕ್ಕದ್ದು. ತಪ್ಪಿದಲ್ಲಿ, ನಾಗರಿಕರು ಸಲ್ಲಿಸಿದ ಕೋರಿಕೆಯು ಸ್ವೀಕೃತವಾಗಿದ್ದರೂ ವಿಲೇವಾರಿಯಾಗದೆ ಉಳಿಯುವ ಸಂಭವವಿರುತ್ತದೆ.

ಪರವಾನಗಿ
ಜೇಡ್ ಎಲ್‌ಜಿಪಿಎಲ್ ಪರವಾನಗಿಯಡಿ ಲಭ್ಯವಿದ್ದು, ಬಳಕೆಗೆ ಪರವಾನಗಿ ಶುಲ್ಕವಿರುವುದಿಲ್ಲ. ತಂತ್ರಾಂಶವನ್ನು ಮಾರ್ಪಡಿಸಿ ವಿತರಿಸುವವರು ಮಾರ್ಪಾಡುಗಳ ಆಕರ ಸಂಕೇತವನ್ನೂ ಒದಗಿಸತಕ್ಕದ್ದು.