ಅಳಿಯಕಟ್ಟಿನಿಂದ ಉಯಿಲಿನವರೆಗೆ



ನಮ್ಮ ಕಾಸರಗೋಡಿನ ಹಳೆಯ ಗುತ್ತಿನ ಮನೆಗಳನ್ನು ನೀವೆಲ್ಲ ನೋಡಿದ್ದೀರಿ. ಆ ಮನೆ ಯಾರದು ಎಂದು ಹಿಂದೆ ಕೇಳಿದ್ದರೆ, ‘ಕುಟುಂಬದ್ದು’ ಎಂಬುದೇ ಉತ್ತರ. ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಗೆ ಸೇರಿದ್ದು. ಯಜಮಾನ ಅದನ್ನು ನೋಡಿಕೊಳ್ಳುವವನು ಮಾತ್ರ. ಭೂತಾಳಪಾಂಡ್ಯನ ಐತಿಹ್ಯವನ್ನು ನೀವು ಕೇಳಿಯೇ ಇದ್ದೀರಿ.

ಈ ಕಟ್ಟಿನಲ್ಲಿ ಹೆಣ್ಣುಮಕ್ಕಳಿಗೆ ತವರಿನ ನೆಲೆ ತಪ್ಪುತ್ತಿರಲಿಲ್ಲ. ಅದು ಅದರ ಹಿರಿಮೆ. ಆದರೆ ಗಂಡಸರು ಸ್ವಂತ ಸಂಪಾದನೆಗೆ ತೊಡಗಿದಾಗ ತೊಡಕು ಬಂತು. ದುಡಿದು ಅಡಿಕೆ ತೋಟ ಮಾಡಿದವನು ಏನೂ ಬರೆದಿಡದೆ ತೀರಿಕೊಂಡರೆ ತೋಟ ಅವನ ತಾಯಿಯ ಕುಟುಂಬಕ್ಕೆ. ಜತೆಗೆ ಬೆವರು ಸುರಿಸಿದ ಹೆಂಡತಿ, ಮಕ್ಕಳು ಬರಿಗೈಯಲ್ಲಿ ಹೊರಡಬೇಕಿತ್ತು. ಆಗ ನಾವು ಮದ್ರಾಸು ಪ್ರಾಂತ್ಯದವರು. ಅಳಿಯಕಟ್ಟಿನವರೂ ತಮ್ಮ ಸ್ವಂತ ಆಸ್ತಿಗೆ ಉಯಿಲು ಬರೆಯಬಹುದೆಂದು 1898ರ ಮಲಬಾರ್ ವಿಲ್ಸ್ ಕಾಯ್ದೆ ಸ್ಪಷ್ಟಪಡಿಸಿತು. ಒಂದು ಹಾಳೆ ಕಾಗದ ಹೆಂಡತಿ ಮಕ್ಕಳಿಗೆ ಸೂರು ಉಳಿಸುವಂತಾಯಿತು.

1949ರ ಅಳಿಯಸಂತಾನ ಕಾಯ್ದೆಯಿಂದ ಕವರುಗಳಿಗೆ ಪಾಲು ಕೇಳುವ ಹಕ್ಕು ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಉಯಿಲಿಲ್ಲದೆ ತೀರಿಕೊಂಡವನ ಆಸ್ತಿ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅದೇ ವರ್ಷ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. 1976ರ ಡಿಸೆಂಬರ್ 1ರಿಂದ ಕೇರಳ ಸರಕಾರ ಹಿಂದೂ ಕೂಡುಕುಟುಂಬ ಪದ್ಧತಿಯನ್ನೇ ರದ್ದುಮಾಡಿತು.

ಹಾಗಾದರೆ ಇನ್ನು ಉಯಿಲು ಯಾಕೆ ಎನ್ನುತ್ತೀರಾ? ಕಾನೂನಿಗೆ ಪಾಲು ಗೊತ್ತು, ಮನೆಯ ಕಷ್ಟ ಗೊತ್ತಿಲ್ಲ. ಅಂಗವಿಕಲ ಮಗ ಯಾರು, ಮುಪ್ಪಿನಲ್ಲಿ ನೋಡಿಕೊಂಡ ಮಗಳು ಯಾರು ಎಂಬುದನ್ನು ನೀವೇ ಬರೆದಿಡಬೇಕು.

ಹಿಂದೂಗಳ ಉಯಿಲಿಗೆ ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ಕನ್ನಡದಲ್ಲಿ ಬರೆದರೂ ಅದು ಊರ್ಜಿತವೇ. ಮುಸ್ಲಿಂ, ಕ್ರೈಸ್ತ ಬಂಧುಗಳಿಗೆ ಅವರವರ ಕಾನೂನು ಬೇರೆ, ವಕೀಲರಲ್ಲಿ ಕೇಳಿಕೊಳ್ಳಿ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾನು ಹಲವು ಸಲ ಹೇಳಿದ ಮಾತೊಂದಿದೆ: ನಾಮಿನಿ ಎಂದರೆ ವಾರಸುದಾರನಲ್ಲ. ಹಣವನ್ನು ಪಡೆದು ಹಕ್ಕುದಾರರಿಗೆ ಒಪ್ಪಿಸಬೇಕಾದವನು. ಹಳೆಯ ಯಜಮಾನನಂತೆ ಅವನೂ ನೋಡಿಕೊಳ್ಳುವವನೇ.

ಅಜ್ಜಂದಿರಿಗೆ ಕಟ್ಟು ಇತ್ತು. ನಮಗಿರುವುದು ಕಾಗದ. ಆರೋಗ್ಯವಿರುವಾಗಲೇ ಬರೆದಿಡಿ; ಎಲ್ಲಿಟ್ಟಿದ್ದೀರೆಂದು ಮನೆಯವರಿಗೆ ಹೇಳಿಡಿ.