ಬುಮ್ರಾ ವಿಕೆಟ್ ತೆಗೆದಾಗ ನಾನ್ಯಾಕೆ ಕೂಗಿದೆ?

1/5

2024ರ ಏಪ್ರಿಲ್ 11. ವಾಂಖೆಡೆಯಲ್ಲಿ ಆರ್‌ಸಿಬಿ, ಮುಂಬೈ ಮ್ಯಾಚ್. ನಾನು ಭದ್ರಾವತಿಯ ನಮ್ಮ ಮನೇಲಿ ಅಜ್ಜನ ಪಕ್ಕ ಟಿವಿ ಮುಂದೆ. ಬುಮ್ರಾ ಬಾಲಿಗೆ ಕೊಹ್ಲಿ ಕೀಪರ್ ಇಶಾನ್ ಕಿಶನ್‌ಗೆ ಕ್ಯಾಚ್ ಕೊಟ್ಟು ಬರೀ 3 ರನ್‌ಗೆ ಔಟ್. ನಾನು "ಯೆಸ್!" ಅಂತ ಕೂಗಿಬಿಟ್ಟೆ.

ಮೈಮೇಲೆ ಆರ್‌ಸಿಬಿ ಜೆರ್ಸಿ ಇತ್ತು ಗುರು.

ಅಜ್ಜ ನಿಧಾನಕ್ಕೆ ತಿರುಗಿ, "ನೀನು ಯಾರ ಕಡೆಯೋ?" ಅಂದ್ರು.

ಉತ್ತರ ನನ್ನ ಫೋನಲ್ಲಿತ್ತು. ಒಂದು ಫ್ಯಾಂಟಸಿ ಆ್ಯಪ್‌ನಲ್ಲಿ 49 ರೂಪಾಯಿ ಕಟ್ಟಿ ಟೀಮ್ ಮಾಡಿದ್ದೆ. ಬುಮ್ರಾನೇ ಕ್ಯಾಪ್ಟನ್, ಕ್ಯಾಪ್ಟನ್‌ಗೆ ಪಾಯಿಂಟ್ ಡಬಲ್. ಆ ರಾತ್ರಿ ಅವನು 21 ರನ್ ಕೊಟ್ಟು 5 ವಿಕೆಟ್ ತೆಗೆದ. ಆರ್‌ಸಿಬಿ 196 ಹೊಡೆದೂ ಸೋತಿತು. ನನಗೆ 120 ರೂಪಾಯಿ ಬಂತು. ಬೇರೆ ದಿನ ಗೆದ್ರೆ ಸ್ಕ್ರೀನ್‌ಶಾಟ್ ಹಾಕ್ತಿದ್ದವನು ಅವತ್ತು ಯಾರಿಗೂ ತೋರಿಸಲಿಲ್ಲ.

ಅಜ್ಜನ ಆ ಪ್ರಶ್ನೆ ಹಿಡ್ಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

2/5

ಅಜ್ಜ ನಮ್ಮೂರಿನ ಉಕ್ಕಿನ ಕಾರ್ಖಾನೇಲಿ ಕೆಲಸ ಮಾಡಿದವರು. ಜಿ.ಆರ್. ವಿಶ್ವನಾಥ್ ಹುಟ್ಟಿದ್ದೂ ಇದೇ ಭದ್ರಾವತಿಯಲ್ಲಿ, ಗೊತ್ತಿಲ್ಲದವರು ಈಗ ತಿಳ್ಕೊಳ್ಳಿ.

1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆಯ್ತು. ಅಲ್ಲಿವರೆಗೆ ರಣಜಿಯಲ್ಲಿ ನಮ್ಮ ಟೀಮಿನ ಹೆಸರೂ ಮೈಸೂರು. ಆ ಕಾಲದಲ್ಲಿ ಬಾಂಬೆ ಅಂದ್ರೆ ಗೋಡೆ: 1958-59ರಿಂದ ಸತತ 15 ಸಲ ರಣಜಿ ಟ್ರೋಫಿ ಅವರದ್ದೇ. ಹೊಸ ಹೆಸರು ಬಂದ ಮೊದಲ ಸೀಸನ್‌ನಲ್ಲೇ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಆ ಗೋಡೆ ಬಿತ್ತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದ್ದು ಪ್ರಸನ್ನ. ಮೊದಲ ಇನಿಂಗ್ಸ್ ಲೀಡ್ ಮೇಲೆ ಫೈನಲ್‌ಗೆ ಹೋಗಿ, ರಾಜಸ್ಥಾನವನ್ನು ಸೋಲಿಸಿ, ನಮ್ಮ ಮೊದಲ ರಣಜಿ ಟ್ರೋಫಿ.

ಅಜ್ಜ ಇದರಲ್ಲಿ ಒಂದೇ ಒಂದು ಬಾಲ್ ಕೂಡ ನೋಡಿಲ್ಲ. ಶಿಫ್ಟ್ ಮುಗಿಸಿ ಬಂದು ಹೋಟೆಲ್ ರೇಡಿಯೋದಲ್ಲಿ ವಾರ್ತೆ ಕೇಳೋದು, ಮಾರನೇ ದಿನ ಪೇಪರ್ ನೋಡೋದು, ಅಷ್ಟೇ. ಆದ್ರೂ ಗವಾಸ್ಕರ್ ಔಟಾದ ಬಾಲ್ ಹೇಗೆ ತಿರುಗಿತು ಅಂತ ಇವತ್ತಿಗೂ ಕೈಯಲ್ಲಿ ಮಾಡಿ ತೋರಿಸ್ತಾರೆ. (ತಿರುಗೋ ದಿಕ್ಕು ಪ್ರತಿ ಸಲ ಬೇರೆ ಬೇರೆ. ನಾನು ಕೇಳೋಕೆ ಹೋಗಲ್ಲ.)

ರೇಡಿಯೋ ಅವರಿಂದ ಏನೂ ಕೇಳಲಿಲ್ಲ. ಟೀ ದುಡ್ಡು ಮಾತ್ರ ಖರ್ಚು.

3/5

ನನ್ನ ಪಾಲಿನ ರೇಡಿಯೋ ಅಂದ್ರೆ ದೊಡ್ಡಪ್ಪನ ಮನೆಯ ಹಳೇ ಕಂಪ್ಯೂಟರ್ ಮತ್ತು ಇಎ ಕ್ರಿಕೆಟ್ 07. ಗೇಮ್ ಬಂದಿದ್ದು 2006ರಲ್ಲಿ, ಆಗಿನ್ನೂ ಐಪಿಎಲ್ ಹುಟ್ಟಿರಲಿಲ್ಲ. ಆಮೇಲೆ ಅಭಿಮಾನಿಗಳೇ ಕೂತು ಐಪಿಎಲ್ ಟೀಮು, ಜೆರ್ಸಿ ಎಲ್ಲ ಸೇರಿಸಿ ಪ್ಯಾಚ್ ಮಾಡಿ ಹಂಚಿದ್ರು.

2016ರ ಫೈನಲ್ ನೆನಪಿದ್ಯಾ? ಚಿನ್ನಸ್ವಾಮಿಯಲ್ಲೇ. ಹೈದರಾಬಾದ್ 208. ಗೇಲ್, ಕೊಹ್ಲಿ ಓಪನಿಂಗ್‌ಗೇ 114 ಸೇರಿಸಿದ್ರು. ಕೊನೆಗೆ 8 ರನ್‌ನಿಂದ ಸೋಲು. ಆ ಸೀಸನ್‌ನಲ್ಲಿ ಕೊಹ್ಲಿ ಒಬ್ಬನೇ 973 ಹೊಡೆದಿದ್ದ. ನನಗೆ ಹತ್ತು ವರ್ಷ, ಊಟ ಬಿಟ್ಟು ಮಲಗಿದ್ದೆ. ಆ ಬೇಸಿಗೆ ರಜೆ ಮುಗಿಯೋದ್ರೊಳಗೆ ಕಂಪ್ಯೂಟರ್‌ನಲ್ಲಿ ಅದೇ ಫೈನಲ್ ಎಷ್ಟು ಸಲ ಗೆದ್ದೆನೋ ಲೆಕ್ಕ ಇಲ್ಲ.

ಅದಕ್ಕೇ "ಗೇಮ್ ಆಡಿ ಹುಡುಗರು ಹಾಳಾದ್ರು" ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಆ ಗೇಮ್ ನನ್ನನ್ನ ನನ್ನ ಟೀಮಿಗೆ ಇನ್ನೂ ಹತ್ತಿರ ಮಾಡ್ತು.

4/5

ಈಗ ಬಿಕಾಂನವರಿಗೆ ಇಷ್ಟ ಆಗೋ ಭಾಗ. ಬಿಸಿನೆಸ್ ಲಾ ಕ್ಲಾಸಲ್ಲಿ ನಿದ್ದೆ ಮಾಡಿದವರೂ ಓದಿ.

ಫ್ಯಾಂಟಸಿ ಆ್ಯಪ್‌ಗಳು ಹೊಸ ಐಡಿಯಾ ಅಂದ್ಕೊಂಡಿದ್ದೀರಾ? 1950ರ ದಶಕದಲ್ಲೇ ಬೆಂಗಳೂರಲ್ಲಿ 'ಸ್ಪೋರ್ಟಿಂಗ್ ಸ್ಟಾರ್' ಅನ್ನೋ ವಾರಪತ್ರಿಕೆ ಪ್ರಿಂಟ್ ಆಗ್ತಿತ್ತು. ಅದರಲ್ಲಿ ಆರ್‌ಎಂಡಿಸಿ ಕಂಪನಿಯ ಪದಬಂಧ. ದುಡ್ಡು ಕಟ್ಟಿ, ತುಂಬಿ ಕಳಿಸಿ, ಬಹುಮಾನ ಗೆಲ್ಲಿ. ಕೇಳೋಕೆ ಬುದ್ಧಿವಂತಿಕೆ ಆಟ. ಆದ್ರೆ ಒಂದೊಂದು ಸುಳಿವಿಗೂ ಎರಡೆರಡು ಪದ ಹೊಂದೋ ಹಾಗೆ ಕೊಟ್ಟಿರ್ತಿದ್ರು. ಯಾವುದು 'ಸರಿ' ಅನ್ನೋದು ಕಂಪನಿ ಮೊದಲೇ ಬರೆದಿಟ್ಟ ಉತ್ತರದಲ್ಲಿ ಇರ್ತಿತ್ತು. ಪತ್ರಿಕೆ ಬಾಂಬೆ ರಾಜ್ಯದಲ್ಲಿ ಜೋರಾಗಿ ಮಾರಾಟ ಆಗ್ತಿತ್ತು. ಅಲ್ಲಿನ ಸರ್ಕಾರ ಹೊರರಾಜ್ಯದಲ್ಲಿ ಪ್ರಿಂಟ್ ಆದ ಇಂಥ ಸ್ಪರ್ಧೆಗಳ ಮೇಲೂ ತೆರಿಗೆ ಹಾಕಿತು. ಕಂಪನಿ ಕೋರ್ಟಿಗೆ ಹೋಯ್ತು.

1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು: ಇದು ಜೂಜು, ಜೂಜು ವ್ಯಾಪಾರ ಅಲ್ಲ, ತೆರಿಗೆ ಸರಿ. ಆದ್ರೆ ಅದೇ ದಿನ ಇನ್ನೊಂದು ಕೇಸಲ್ಲಿ, ಗೆಲುವು ಬಹುಪಾಲು ಕೌಶಲದ ಮೇಲೆ ನಿಂತಿದ್ರೆ ಅದು ಜೂಜಲ್ಲ, ಅಂಥ ವ್ಯಾಪಾರಕ್ಕೆ ಸಂವಿಧಾನದ ರಕ್ಷಣೆ ಇದೆ ಅಂತಲೂ ಹೇಳಿತು.

ಕೌಶಲವೋ ಅದೃಷ್ಟವೋ ಅನ್ನೋ ಆ ಒಂದು ಗೆರೆ ಮೇಲೆ ಇಡೀ ಫ್ಯಾಂಟಸಿ ಉದ್ಯಮ ಮನೆ ಕಟ್ಕೊಂಡಿತು. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಡ್ರೀಮ್11 ಕೌಶಲದ ಆಟ ಅಂದಿತು. 2020ರಲ್ಲಿ ಅದೇ ಕಂಪನಿ 222 ಕೋಟಿ ಕೊಟ್ಟು ಐಪಿಎಲ್ ಟೈಟಲ್ ಪ್ರಾಯೋಜಕ ಆಯ್ತು. ನಮ್ಮ ರಾಜ್ಯ 2021ರಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿತು. 2022ರ ಫೆಬ್ರವರಿ 14ಕ್ಕೆ ನಮ್ಮ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಕಾರಣ ಅದೇ ಹಳೇ ಗೆರೆ.

5/5

ಬುಮ್ರಾನ ಕ್ಯಾಪ್ಟನ್ ಮಾಡಿದ್ದು ಕೌಶಲವೇ, ನಾನೂ ಒಪ್ತೀನಿ. ಪಿಚ್ ನೋಡಿದ್ದೆ, ಹಿಂದಿನ ಮ್ಯಾಚ್‌ಗಳ ಅಂಕಿಅಂಶ ಓದಿದ್ದೆ. ಆದ್ರೆ ಅಜ್ಜ ಕೇಳಿದ್ದು 'ಕೌಶಲವೋ ಅದೃಷ್ಟವೋ' ಅಂತ ಅಲ್ವಲ್ಲ.

ಸೆಮಿಸ್ಟರ್ ರಜೇಲಿ ಯುಪಿಐ ಹಿಸ್ಟರಿ ತೆಗೆದು ಲೆಡ್ಜರ್ ಬರೆದೆ. ಎರಡು ಐಪಿಎಲ್ ಸೀಸನ್‌ಗೆ ನಾನು ಹಾಕಿದ್ದು 7,412. ವಾಪಸ್ ಬಂದಿದ್ದು 2,980. ನಷ್ಟ 4,432. ಅದರಲ್ಲಿ ಒಂದಷ್ಟು ಪರೀಕ್ಷೆ ಫೀಸಿಗೆ ಅಂತ ಅಮ್ಮ ಕಳಿಸಿದ್ದ ದುಡ್ಡು. ಫೀಸನ್ನ ದಂಡ ಸೇರಿಸಿ ಕಟ್ಟಿದೆ, ಅಮ್ಮನಿಗೆ ಇನ್ನೂ ಹೇಳಿಲ್ಲ. (ಅಮ್ಮ ಇನ್‌ಸ್ಟಾದಲ್ಲಿ ಇಲ್ಲ. ತಂಗಿ ಇದ್ದಾಳೆ. ತಂಗಿ, ಪ್ಲೀಸ್.) ಲೆಕ್ಕ ಸಿಂಪಲ್: ನೂರು ಜನ 49 ಹಾಕಿದ್ರೆ 4,900. ಬಹುಮಾನ ಅಂತ ಹಂಚೋದು ಅದಕ್ಕಿಂತ ಕಮ್ಮಿ. ಉಳಿದಿದ್ದು ಕಂಪನಿ ಕಮಿಷನ್. ಕಪ್ ಯಾರೇ ಗೆಲ್ಲಲಿ, ಅವರು ಮಾತ್ರ ಸೋಲಲ್ಲ.

2025ರ ಆಗಸ್ಟ್ 22ಕ್ಕೆ ರಾಷ್ಟ್ರಪತಿ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ 1957ರ ಗೆರೆಯನ್ನೇ ಪಕ್ಕಕ್ಕೆ ಇಟ್ಟಿತು. ಕೌಶಲವೋ ಅದೃಷ್ಟವೋ, ದುಡ್ಡು ಹಾಕಿ ದುಡ್ಡು ಗೆಲ್ಲೋ ಆಟ ಅಂದ್ರೆ ನಿಷೇಧ. ಇ-ಸ್ಪೋರ್ಟ್ಸ್‌ಗೆ, ಸುಮ್ಮನೆ ಆಡೋ ಗೇಮ್‌ಗಳಿಗೆ ಅಡ್ಡಿ ಇಲ್ಲ. ಕ್ರಿಕೆಟ್ 07 ಬೇರೆ, ಫ್ಯಾಂಟಸಿ ಆ್ಯಪ್ ಬೇರೆ ಅಂತ ನಾನು ಹಾಸ್ಟೆಲ್‌ನಲ್ಲಿ ಗಂಟೆಗಟ್ಟಲೆ ವಾದ ಮಾಡಿದ್ದನ್ನ ಪಾರ್ಲಿಮೆಂಟ್ ಒಂದೇ ವಾರದಲ್ಲಿ ಹೇಳಿ ಮುಗಿಸಿತು.

ನಾನು ಆ್ಯಪ್ ತೆಗೆದಿದ್ದು ಕಾನೂನಿಗಿಂತ ಮುಂಚೆ, ಜೂನ್ 3ಕ್ಕೆ. ಅವತ್ತು ಅಹಮದಾಬಾದ್‌ನಲ್ಲಿ ಫೈನಲ್. ಸಂಜೆ ಟೀಮ್ ಮಾಡೋಕೆ ಕೂತೆ. ಶ್ರೇಯಸ್ ಅಯ್ಯರ್‌ನ ಕ್ಯಾಪ್ಟನ್ ಮಾಡ್ಲಾ ಅಂತ ಯೋಚಿಸ್ತಿದ್ದಾಗ ಅಜ್ಜ ಪಕ್ಕದಲ್ಲಿ ಬಂದು ಕೂತ್ರು. ಫೋನ್ ಪಕ್ಕಕ್ಕಿಟ್ಟೆ. ಆರ್‌ಸಿಬಿ 190, ಪಂಜಾಬ್ 184. 18 ವರ್ಷ ಆದ್ಮೇಲೆ ಬಂದ ಕಪ್. ಕೊನೇ ಓವರ್‌ನಲ್ಲಿ ಮ್ಯಾಚ್ ಮುಗಿಯೋಕೆ ಮುಂಚೆನೇ ಕೊಹ್ಲಿ ಕಣ್ಣಲ್ಲಿ ನೀರು. ಅಜ್ಜ ಕನ್ನಡಕ ತೆಗೆದು ಒರೆಸ್ತಾನೇ ಇದ್ರು. (ಮಾರನೇ ದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಅದನ್ನ ಬ್ರಾಕೆಟ್‌ನಲ್ಲಿ ಬರೆದು ಮುಗಿಸೋ ವಿಷಯ ಅಲ್ಲ, ಬೇರೆ ಸರಣಿ ಬರೀತೀನಿ.)

ನಿಮ್ಮ ಅಜ್ಜ ಅಜ್ಜಿ ಹತ್ರ 1974ರ ಸೆಮಿಫೈನಲ್ ಪೇಪರ್ ಕಟಿಂಗ್ ಇದ್ರೆ, ಅಥವಾ ಆ ಪದಬಂಧಕ್ಕೆ ದುಡ್ಡು ಹಾಕಿದವರು ಮನೇಲಿ ಯಾರಾದ್ರೂ ಇದ್ರೆ, ಫೋಟೋ ತೆಗೆದು ಡಿಎಂ ಮಾಡಿ. ಪ್ರಸನ್ನ ಬಾಲ್ ಯಾವ ಕಡೆ ತಿರುಗಿತು ಅಂತ ಗೊತ್ತಿರೋರು ಕಾಮೆಂಟ್‌ನಲ್ಲಿ ಮಾತ್ರ ಹಾಕ್ಬೇಡಿ, ಅಜ್ಜನಿಗೆ ನಾನೇ ಓದಿ ಹೇಳ್ತೀನಿ.