ಬೆನ್ನಿಗೆ ಬಿದ್ದದ್ದು

ಸಂತೇಬೆನ್ನೂರಿನ ಸಂತೆಯಲ್ಲಿ ಹುಡುಗನೊಬ್ಬ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ: "ಬೆನ್ನೆಲುಬಿಲ್ಲದ ನನ್ಮಗ!" ಬೈಗುಳವನ್ನೂ ಇಂಗ್ಲಿಷಿನಿಂದ ಕಡ ತರಬೇಕೆ? ನಮ್ಮ ಹೇಡಿ ಬೆನ್ನು ತೋರಿಸಿ ಓಡುತ್ತಿದ್ದ. ಓಡಿದರೂ ಬೆನ್ನಂತೂ ಅವನದೇ ಆಗಿತ್ತು.

ಕನ್ನಡದ ಬೆನ್ನು ಮೂಳೆಯ ಮಾತಲ್ಲ, ಸರದಿಯ ಮಾತು ಎಂಬುದು ನನ್ನ ಹಳೆಯ ಹಠ. ಮಳೆಯ ಬೆನ್ನಲ್ಲೇ ಬಿತ್ತನೆ. ನಮ್ಮಜ್ಜಿ ತನ್ನ ತಮ್ಮನನ್ನು ಹೆಸರು ಹಿಡಿದು ಕರೆದದ್ದೇ ಕಮ್ಮಿ. "ನನ್ನ ಬೆನ್ನಿಗೆ ಬಿದ್ದೋನು" ಅನ್ನುವಳು. ಅವನು ಸಾಲ ಮಾಡಿದರೂ, ಎತ್ತು ಮಾರಿಕೊಂಡು ಬಂದರೂ, ಉಣ್ಣಲು ಕರೆಯದೆ ಕಳಿಸಿದವಳಲ್ಲ. ಕೇಳಿದರೆ, "ಬೆನ್ನಿಗೆ ಬಿದ್ದೈತಲ್ಲ, ಏನ್ಮಾಡ್ಲಿ" ಎಂಬ ಒಂದೇ ಉತ್ತರ. ಇಂದಿನವರಿಗೆ ಅದು 'ಸಿಬ್ಲಿಂಗ್'. ಸಂತೇಬೆನ್ನೂರು ಕೂಡ ಸಂತೆಯ ಬೆನ್ನಿಗೆ ಬಿದ್ದ ಊರು, ಹನುಮಂತಪ್ಪ ನಾಯಕನ ಪುಷ್ಕರಣಿ ಅದರ ಬೆನ್ನಿಗೆ ಬಿದ್ದದ್ದು ಎಂದೇ ನನ್ನ ವಾದ. ಶಾಸನ ಮಾತ್ರ ಕೇಳಬೇಡಿ.

ಬಸಿರಿನೊಳಗೂ ಇದೇ ಸರದಿ. ಮೂರನೆಯ ವಾರದಲ್ಲಿ ಭ್ರೂಣಕ್ಕೆ ಮೂಳೆಯಿಲ್ಲ. ಬಾಗುವ, ಮೆತ್ತನೆಯ ಒಂದು ಸರಳು ಮೂಡುತ್ತದೆ, ನೋಟೋಕಾರ್ಡ್. ಅದರ ಸೂಚನೆ ಸಿಕ್ಕಿ ಮೇಲಿನ ಪದರ ದಪ್ಪವಾಗಿ, ಮಡಚಿಕೊಂಡು ಕೊಳವೆಯಾಗುತ್ತದೆ. ನಾಲ್ಕನೆಯ ವಾರದ ಕೊನೆಗೆ ಎರಡೂ ತುದಿ ಮುಚ್ಚುತ್ತವೆ. ಮಿದುಳು, ಬೆನ್ನುಹುರಿ ಎರಡೂ ಅದರಿಂದಲೇ. ಬೆನ್ನುಮೂಳೆ ಸರಳಿನ ಸುತ್ತ ಕಟ್ಟಿಕೊಳ್ಳುವುದು ಆಮೇಲೆ. ಇಷ್ಟು ಚೆಂದದ ಕಥೆಯನ್ನು ನಮ್ಮ ಪಠ್ಯಪುಸ್ತಕ 'ಕಶೇರುಕ' ಎಂಬ ಒಂದು ಪದದಲ್ಲಿ ಹೂತುಬಿಟ್ಟಿದೆ.

ಸರಳಿದ್ದವರಿಗೆಲ್ಲ ಮೂಳೆ ಬಂತೆಂದೂ ಅಲ್ಲ. ಮರಳಲ್ಲಿ ಹುದುಗಿರುವ ಆಂಫಿಯಾಕ್ಸಸ್ ಸಾಯುವವರೆಗೂ ಸರಳಿನಲ್ಲೇ ಬಾಳುತ್ತದೆ. ಕಡಲ ಬಂಡೆಗೆ ಅಂಟಿದ ಚೀಲದಂಥ ಅಸಿಡಿಯನ್ನನ್ನು ಬಹುಕಾಲ ಚಿಪ್ಪುಜೀವಿಗಳ ಪಂಕ್ತಿಯಲ್ಲಿ ಕೂರಿಸಿದ್ದರು. ಅದರ ಈಜುವ ಮರಿಯ ಬಾಲದಲ್ಲಿ ಇದೇ ಸರಳಿದೆ ಎಂದು 1866ರಲ್ಲಿ ರಷ್ಯಾದ ಕೊವಲೆವ್‌ಸ್ಕಿ ತೋರಿಸಿದ ಮೇಲೆ ಅದು ನಮ್ಮ ದಾಯಾದಿಯಾಯಿತು. ಬಂಡೆ ಹಿಡಿದೊಡನೆ ಬಾಲ, ಸರಳು ಎರಡನ್ನೂ ಕರಗಿಸಿಕೊಳ್ಳುತ್ತದೆ. ನಂಟು ಮಾತ್ರ ಹೋಗುವುದಿಲ್ಲ.

ನಮ್ಮ ಸರಳೂ ಪೂರ್ತಿ ಹೋಗಿಲ್ಲ. ಬೆನ್ನುಮೂಳೆಗಳ ನಡುವಿನ ಡಿಸ್ಕಿನ ತಿರುಳು ಅದರಿಂದಲೇ ಬಂದದ್ದು. "ಡಿಸ್ಕ್ ಜಾರೈತೆ" ಎಂದು ನಡು ಹಿಡಿದು ಕೂತವರಲ್ಲಿ ಹೊರಗೆ ಉಬ್ಬಿ ನರ ಒತ್ತುವುದು ಬಹುಪಾಲು ಆ ತಿರುಳೇ. ಪಾಪ, ಎಲುಬಿನ ತಪ್ಪೇನೂ ಇರುವುದಿಲ್ಲ.